ಐದು ಗಂಟೆಯೊಳಗೆ ಹೇಳದಿದ್ದರೆ

ಜನವರಿ ೮, ಗುರುವಾರ

ಇವತ್ತಿನ ಸಭೆಯಲ್ಲಿ ‘ಎಲ್ಲರಿಗೂ ಆರೋಗ್ಯ’ ಎನ್ನಬೇಕೋ ‘ಪ್ರತಿಯೊಬ್ಬರಿಗೂ ಆರೋಗ್ಯ’ ಎನ್ನಬೇಕೋ ಎಂದು ಇಡೀ ಬೆಳಗ್ಗೆ ಚರ್ಚಿಸಿದೆವು. ಊಟದ ಪೊಟ್ಟಣಗಳು ಬಂದದ್ದರಿಂದ ‘ಎಲ್ಲರಿಗೂ’ ಗೆದ್ದಿತು. ನಲವತ್ತಕ್ಕೂ ಹೆಚ್ಚು ಸಂಘಸಂಸ್ಥೆಗಳಿಂದ ಒಂದೇ ದನಿ ಹೊರಡಿಸಿ, ಉಚಿತ ಚಿಕಿತ್ಸೆಯ ಕಾಯ್ದೆಗಾಗಿ ಅದನ್ನು ಸರ್ಕಾರದ ಕಿವಿಗೆ ಮುಟ್ಟಿಸುವುದು ನನ್ನ ಕೆಲಸ. ಒಕ್ಕೂಟದ ಸಂಚಾಲಕ ಎಂದು ಹೆಸರು. ತಕ್ಕಡಿಯಲ್ಲಿ ಕಪ್ಪೆ ತೂಗುವವನು ಎಂದು ಹಲಗೆ ಹಾಕಿಕೊಂಡರೂ ಯಾರೂ ತಕರಾರು ಮಾಡುವುದಿಲ್ಲ.

ಊಟವಾದ ಮೇಲೆ ನಮ್ಮ ವಕೀಲರು ಒಂದು ಉಪಾಯ ಹೇಳಿದರು. ಹೆಂಗಸು ಬಲು ಚುರುಕು, ತಾಳ್ಮೆ ಮಾತ್ರ ಸಾಸಿವೆಯಷ್ಟೂ ಇಲ್ಲ. ಇನ್ನು ಮುಂದೆ ಮನವಿಯ ಕರಡನ್ನು ಫೋನಿನ ಗುಂಪಿನಲ್ಲಿ ಹಾಕುವುದು. ಹೇಳಿದ ದಿನ ಸಂಜೆ ಐದು ಗಂಟೆಯೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಇದೆ ಎಂದೇ ಲೆಕ್ಕ. ಎಲ್ಲರೂ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಹೇಳಿಯೇ ಎಷ್ಟೋ ಹೆಣ್ಣುಮಕ್ಕಳನ್ನು ಬೇಡದ ಮನೆಗೆ ದಬ್ಬಿದ್ದಾರೆ, ಅದೇ ಮಾತನ್ನು ರೋಗಿಗಳ ತಲೆಗೂ ಕಟ್ಟಬೇಡಿ ಎಂದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದೆ: ಉತ್ತರ ಬಾರದವರಿಗೆಲ್ಲ ನಾನೇ ಫೋನು ಮಾಡಿ ಕೇಳುತ್ತೇನೆ. ವಕೀಲರು ಕನ್ನಡಕದ ಮೇಲಿಂದ ನೋಡಿ, “ಎಷ್ಟು ದಿನ ಮಾಡ್ತೀರೋ ನೋಡೋಣ” ಅಂದರು.

ಮೈಕ್ ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದ. ಅವನು ನನ್ನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನು; ಊರಿಗೆಲ್ಲ ಅವನು ಮೈಕ್. ಮೂರು ವರ್ಷದ ಹಿಂದೆ ಎರಡೂ ಮೂತ್ರಪಿಂಡ ಕೆಟ್ಟವು. ಈಗ ಮಂಗಳವಾರ ಮತ್ತು ಶುಕ್ರವಾರ ಒಂದು ಧರ್ಮಸಂಸ್ಥೆಯ ಕೇಂದ್ರದಲ್ಲಿ ಡಯಾಲಿಸಿಸ್. ಅಲ್ಲಿಯ ರೋಗಿಗಳನ್ನೆಲ್ಲ ಸೇರಿಸಿ ಬಳಗವೊಂದನ್ನು ಕಟ್ಟಿದ್ದಾನೆ, ಅದು ನಮ್ಮ ಒಕ್ಕೂಟದ ಅತಿ ಚಿಕ್ಕ ಸದಸ್ಯ. ಆ ಕೇಂದ್ರ ಏಪ್ರಿಲ್ ಕೊನೆಗೆ ಮುಚ್ಚುತ್ತದೆ, ದಾನಿಗಳು ಕೈಯೆತ್ತಿದ್ದಾರೆ. ಖಾಸಗಿಯಲ್ಲಿ ಮಾಡಿಸಲು ಅವನ ಅಂಗಡಿ ಮಾರಿದರೂ ಸಾಲದು. ನಮ್ಮ ಒಂಬತ್ತು ಬೇಡಿಕೆಗಳಲ್ಲಿ ಏಳನೆಯದು ಅವನದೇ ಮಾತು: ಉಚಿತ ಡಯಾಲಿಸಿಸ್, ಕಾಯ್ದೆಯ ಮೊದಲ ದಿನದಿಂದಲೇ, ಬದುಕಿರುವವರೆಗೆ. ಅದು ಬಿದ್ದರೆ ಅವನೂ ಬಿದ್ದ ಹಾಗೆ.

ಜನವರಿ ೧೬, ಶುಕ್ರವಾರ

ಹೊಸ ನಿಯಮದ ಮೊದಲ ಪರೀಕ್ಷೆ. ಐದು ಗಂಟೆಗೆ ಹನ್ನೊಂದು ಸಂಘಗಳು ಮೌನ. ಹನ್ನೊಂದಕ್ಕೂ ಫೋನು ಹಚ್ಚಿದೆ. ದಾದಿಯರ ಸಂಘದ ಅಧ್ಯಕ್ಷೆ ಪಾಳಿಯಲ್ಲಿದ್ದರು. ಅಂಗವಿಕಲರ ವೇದಿಕೆಯವರ ಫೋನಿನಲ್ಲಿ ಕರಡು ತೆರೆದೇ ಇರಲಿಲ್ಲ. ಇಬ್ಬರೂ ಕೇಳಿ, ತಲಾ ಒಂದು ತಿದ್ದುಪಡಿ ಹೇಳಿದರು. ಎರಡೂ ನ್ಯಾಯವಾದವೇ. ಫೋನು ಮಾಡದಿದ್ದರೆ ಬಿಟ್ಟೇ ಹೋಗುತ್ತಿದ್ದವು.

ಮೈಕ್ ಮಾತ್ರ ಎತ್ತಲಿಲ್ಲ. ಶುಕ್ರವಾರವಲ್ಲವೇ. ಬಸ್ಸು ಹಿಡಿದು ಕೇಂದ್ರಕ್ಕೇ ಹೋದೆ. ಉದ್ದನೆಯ ಕೋಣೆ, ಎರಡೂ ಕಡೆ ಒರಗುಕುರ್ಚಿಗಳು, ಒಂದೊಂದರ ಪಕ್ಕಕ್ಕೆ ಗುಂಯ್‌ಗುಡುವ ಯಂತ್ರ. ಫೋನುಗಳೆಲ್ಲ ಹೊರಗಿನ ಕಪಾಟಿನಲ್ಲಿ. ಅವನ ತೋಳಿನಿಂದ ಎರಡು ಕೊಳವೆ ಹೊರಟಿದ್ದವು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಕೂತು ಕರಡನ್ನು ಪೂರ್ತಿ ಓದಿದೆ. ಕಣ್ಣು ಮುಚ್ಚಿಕೊಂಡೇ ಕೇಳಿ, “ಒಪ್ಪಿಗೆ ಭಾವ. ಮಂಗಳವಾರ ಶುಕ್ರವಾರ ಮಧ್ಯಾಹ್ನದ ಮೇಲೆ ನಾನು ಸತ್ತಿದೀನಿ ಅಂತಲೇ ತಿಳ್ಕೊಳ್ಳಿ. ಮಾರನೇ ದಿನ ಬೆಳಗ್ಗೆ ಮತ್ತೆ ಹುಟ್ತೀನಿ” ಅಂದ. ನಗು ಬಂತು.

ರಾತ್ರಿ ಹೆಂಡತಿಗೆ ಹೇಳಿದಾಗ ಅವಳು ನನ್ನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದಳು. ಅವಳು ಶಾಲೆಯಲ್ಲಿ ಡ್ರಿಲ್ ಟೀಚರು. ದಿನಾ ಬೆಳಗ್ಗೆ ಮಕ್ಕಳಿಗಿಂತ ಮುಂಚೆ ಮೈದಾನ ಸುತ್ತುವವಳು, ಕೊರಳಲ್ಲಿ ಸದಾ ಸೀಟಿ. ಕಾಯಿಲೆ ಅಂತ ಮಲಗಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ತನ್ನದೊಂದು ಮೂತ್ರಪಿಂಡ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಆಪರೇಷನ್ನಿಗೆ ಹಣವೂ ಇರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಅವನೇ ಒಪ್ಪಲಿಲ್ಲ: ನಿನ್ನ ಓಟಕ್ಕೆ ಕಲ್ಲು ಹಾಕಿ ನಾನು ಬದುಕೋದಿಲ್ಲ ಅಕ್ಕ, ಡಯಾಲಿಸಿಸ್ ಇದೆಯಲ್ಲ ಎಂದ. ಆ ಹೊತ್ತು ನನ್ನ ಜೀವ ಹೋಗಿ ಬಂದಿತ್ತು. ಅವಳಿಗೆ ಏನಾದರೂ ಆಗುವುದನ್ನು ನಾನು ತಾಳಲಾರೆ.

ಜನವರಿ ೨೮, ಬುಧವಾರ

ಮಂತ್ರಿಗಳ ಭೇಟಿ. ಇಷ್ಟು ಸಂಘಗಳು ಒಂದೇ ಪುಟದ ಮನವಿಗೆ ಒಪ್ಪಿದ್ದು ಈ ಖಾತೆಯ ಚರಿತ್ರೆಯಲ್ಲೇ ಇಲ್ಲವಂತೆ. ಇಲಾಖೆಯ ಕಾರ್ಯದರ್ಶಿ ನನ್ನ ಕೈ ಕುಲುಕಿ, ನಿಮ್ಮ ನಿಯಮ ನಮಗೂ ಕಲಿಸಿ ಎಂದ. ಹೊಗಳಿದರೆ ಉಬ್ಬುವವನಲ್ಲ ನಾನು, ಆದರೂ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಸಲ ನಾಲ್ಕು ಸಂಘಗಳಿಗೆ ಫೋನು ಮಾಡಿದೆ. ಉಳಿದವರು ಹೇಗೂ ಒಪ್ಪುವವರೇ.

ಮುಂದಿನ ಕೋಣೆಯನ್ನು ಕಚೇರಿ ಮಾಡಿಕೊಳ್ಳಲೇ ಎಂದು ಹೆಂಡತಿಯನ್ನು ಕೇಳಿದೆ. ಅವಳ ಆಟದ ಸಾಮಾನೆಲ್ಲ ಅಲ್ಲೇ ಇರುವುದು. ಅವಳು ಚೆಂಡಿಗೆ ಗಾಳಿ ತುಂಬುತ್ತಿದ್ದಳು, ಏನೂ ಹೇಳಲಿಲ್ಲ. ಸಂಜೆಗೆ ಹಗ್ಗ, ರಿಂಗು, ಚೆಂಡುಗಳನ್ನೆಲ್ಲ ಮಂಚದ ಕೆಳಗೆ ಸೇರಿಸಿದೆ.

ಫೆಬ್ರವರಿ ೧೦, ಮಂಗಳವಾರ

ಎರಡು ಕರಡು, ಒಂದು ಪತ್ರಿಕಾ ಹೇಳಿಕೆ. ಆಕ್ಷೇಪ ಇಲ್ಲ. ಫೋನು ಮಾಡಲು ಪುರುಸೊತ್ತು ಆಗಲಿಲ್ಲ. ಗುಂಪಿನಲ್ಲಿ ‘ನೆನಪಿಸುತ್ತಿದ್ದೇನೆ’ ಎಂದು ಹಾಕಿದೆ. ಸಾಕು. ದೊಡ್ಡವರಿಗೆ ಎಷ್ಟು ಸಲ ಉಣ್ಣಿಸುವುದು.

ಫೆಬ್ರವರಿ ೨೦, ಶುಕ್ರವಾರ

ಕಾರ್ಯದರ್ಶಿ ನನ್ನೊಬ್ಬನನ್ನೇ ಕರೆಸಿದ. ಬಾಗಿಲು ಹಾಕಿಸಿ, ಕಾಫಿ ತರಿಸಿ, ಮಸೂದೆ ಇದೇ ಅಧಿವೇಶನದಲ್ಲಿ ಬರುತ್ತದೆ ಎಂದ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹದಿನಾಲ್ಕು ವರ್ಷ ಇದರ ಹಿಂದೆ ಸವೆದಿದ್ದೇನೆ. ಆಸ್ಪತ್ರೆ ದಾಖಲು, ಹೆರಿಗೆ, ಎಲ್ಲ ಬಗೆಯ ಶಸ್ತ್ರಚಿಕಿತ್ಸೆ ಏಪ್ರಿಲ್ ಒಂದರಿಂದಲೇ ಎಲ್ಲರಿಗೂ ಉಚಿತ. ಒಂದೇ ಮಾತು: ಬದುಕಿಡೀ ಎಳೆಯುವ ಚಿಕಿತ್ಸೆಗಳು ಎರಡನೆಯ ಹಂತಕ್ಕೆ. ಅಂದರೆ ನಮ್ಮ ಏಳನೆಯದು.

“ಎಂಟು ಸಿಗತ್ತೆ, ಒಂದು ಬಿಡಿ” ಅಂದ. “ಆದ್ರೆ ನಿಮ್ಮ ಒಕ್ಕೂಟವೇ ಒಪ್ಪಿ ಬರ್ಕೊಡ್ಬೇಕು. ನಾಳೆ ಬೀದಿಗೆ ಇಳಿದು ಬೈಬಾರ್ದು. ಮಂಗಳವಾರ ಸಂಜೆ ನನ್ನ ಟೇಬಲ್ ಮೇಲಿರ್ಲಿ.”

ಎರಡನೆಯ ಹಂತ ಯಾವಾಗ ಎಂದೆ. ಎರಡು ವರ್ಷ, ಹೆಚ್ಚೆಂದರೆ ಮೂರು ಎಂದ. ಮೈಕ್‌ನ ಮುಖ ಕಣ್ಣ ಮುಂದೆ ಬಂತು. ಕಾಫಿ ಕುಡಿಯದೆ ಬಂದೆ.

ಫೆಬ್ರವರಿ ೨೩, ಸೋಮವಾರ

ವಕೀಲರ ಮನೆಯಲ್ಲಿ ಸಂಜೆಯವರೆಗೆ ಕೂತೆವು. ಅವರದು ಒಂದೇ ವಾದ: ಹೆರಿಗೆಯಲ್ಲಿ ಸಾಯುವವರೆಷ್ಟು, ಡಯಾಲಿಸಿಸ್‌ನವರೆಷ್ಟು, ಲೆಕ್ಕ ಹಾಕಿ. ಲೆಕ್ಕಕ್ಕೆ ಎದುರುತ್ತರವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿಕೊಳ್ಳುವುದರಲ್ಲಿ ನಮ್ಮಂಥವರು ನಿಸ್ಸೀಮರು, ಈ ಸಲವಾದರೂ ನುಂಗೋಣ ಎಂದರು. ಮೈಕ್‌ನ ಬಳಗವೊಂದೇ ತಡೆದರೂ ಎಲ್ಲವೂ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಇವತ್ತು ರಾತ್ರಿಯೇ ಕರಡು ಹಾಕಬಹುದಿತ್ತು. ಭಾಷೆ ಇನ್ನೂ ತಿದ್ದಬೇಕು, ನಾಳೆ ಮಧ್ಯಾಹ್ನ ಹಾಕಿದರಾಯಿತು.

ಫೆಬ್ರವರಿ ೨೪, ಮಂಗಳವಾರ

ಮಧ್ಯಾಹ್ನ ಕರಡು ಹಾಕಿದೆ. ‘ಹಂತಹಂತವಾಗಿ’ ಎಂಬ ಪದ ಚೆನ್ನಾಗಿ ಕೂತಿದೆ, ಚುಚ್ಚುವುದಿಲ್ಲ. ದೊಡ್ಡ ಸಂಸ್ಥೆಗಳು ಕೂಡಲೇ ಒಪ್ಪಿದವು. ಉಳಿದವರು ಎಂದಿನಂತೆ ಮೌನ. ಮೂತ್ರಪಿಂಡದವರಿಂದಲೂ ಉತ್ತರವಿಲ್ಲ.

ನಾಲ್ಕೂವರೆಗೆ ಫೋನು ಕೈಗೆತ್ತಿಕೊಂಡೆ. ಆ ಹೊತ್ತಿಗೆ ಅವನು ಯಂತ್ರದಲ್ಲಿರುತ್ತಾನೆ, ಫೋನು ಕಪಾಟಿನಲ್ಲಿರುತ್ತದೆ. ಬಸ್ಸು ಹಿಡಿದು ಹೋದರೂ ಮಲಗಿದವನನ್ನು ಎಬ್ಬಿಸಿ ಇಂಥ ಸುದ್ದಿ ಹೇಳುವುದು ಮನುಷ್ಯರು ಮಾಡುವ ಕೆಲಸವಲ್ಲ. ಅವನ ಆರೋಗ್ಯದ ದೃಷ್ಟಿಯಿಂದಲೇ ಸುಮ್ಮನಾದೆ.

ಐದಾಯಿತು. ಕಳಿಸಿದೆ.

ಫೆಬ್ರವರಿ ೨೫, ಬುಧವಾರ

ಬೆಳಗ್ಗೆಯೇ ಮೈಕ್ ಮನೆಗೆ ಬಂದ. ಕೂರು ಎಂದರೆ ಕೂರಲಿಲ್ಲ. “ಭಾವ, ನಿನ್ನೆ ಮಂಗಳವಾರ ಇತ್ತು” ಅಂದ.

ಹೌದು ಎಂದೆ.

“ಅಷ್ಟೇ. ನನಗೆ ವಾರ ತಪ್ಪಿದೆಯೇನೋ ಅಂತ ಕೇಳೋಕೆ ಬಂದೆ.”

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಎಷ್ಟು ತಾಯಂದಿರು, ಎಷ್ಟು ಮಕ್ಕಳು, ಹೇಗೆ ಎರಡನೆಯ ಹಂತಕ್ಕೆ ನಾಳೆಯಿಂದಲೇ ಹೋರಾಡುತ್ತೇವೆ, ಮುಖ್ಯವಾಗಿ ನಿಯಮ ಎಲ್ಲರಿಗೂ ಒಂದೇ ಹೇಗೆ. ಅವನು ಪೂರ್ತಿ ಕೇಳಿಸಿಕೊಂಡ. “ಎರಡನೇ ಹಂತದ ಹೊತ್ತಿಗೆ ಬಳಗದಲ್ಲಿ ಯಾರೂ ಇರೋದಿಲ್ಲ ಭಾವ. ಆಮೇಲೆ ಕರಡು ಯಾರಿಗೆ ಕಳಿಸ್ತೀರಿ?” ಎಂದು ಕೇಳಿ ಹೊರಟ. ಉತ್ತರ ಕೊಡುವಷ್ಟರಲ್ಲಿ ಮೆಟ್ಟಿಲಿಳಿದಿದ್ದ. ಕಾಯಿಲೆಯವರಿಗೆ ಮಾತು ಕಹಿಯಾಗಿರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಒಂದು ಮಾತೂ ಆಡದೆ ಶಾಲೆಗೆ ಹೋದಳು. ಅವಳಿಗಾದರೂ ಅರ್ಥವಾಗಿದೆ.

ಮಾರ್ಚ್ ೬, ಶುಕ್ರವಾರ

ಬೆಂಬಲ ಸಭೆ. ಮೂತ್ರಪಿಂಡದವರು ಬರಲಿಲ್ಲ, ಮೈಕೂ ಬರಲಿಲ್ಲ. ಬೇರೆ ಅಂಗಡಿಯಿಂದ ತರಿಸಿದ ಧ್ವನಿವರ್ಧಕ ನನ್ನ ಭಾಷಣದುದ್ದಕ್ಕೂ ಕಿರ್ ಎಂದು ಅರಚಿತು. ಜನ ಕಿವಿ ಮುಚ್ಚಿಕೊಂಡರು. ಇಷ್ಟು ವರ್ಷ ಅವನು ಬಿಟ್ಟಿಯಾಗಿ ತರುತ್ತಿದ್ದ ಎಂಬುದನ್ನು ಖಜಾಂಚಿ ಬೇರೆ ಎಲ್ಲರ ಮುಂದೆ ನೆನಪಿಸಿದ. ಒಬ್ಬೊಬ್ಬರೂ ನನಗೆ ಮುಳ್ಳು ಚುಚ್ಚಲು ಕಾದುಕೊಂಡಿದ್ದಾರೆ.

ಮಾರ್ಚ್ ೧೨, ಗುರುವಾರ

ಮಸೂದೆಯ ಅಚ್ಚುಪ್ರತಿ ಬಂದಿದೆ. ಉಣ್ಣುವಾಗಲೂ ಅದನ್ನೇ ಓದಿದೆ. ಮೂರನೆಯ ಅಧ್ಯಾಯದಲ್ಲಿ ನಮ್ಮ ವಾಕ್ಯಗಳು ಇದ್ದ ಹಾಗೇ ಇವೆ.

ಎರಡು ವಾರದಿಂದ ಮೂಗಿಯಂತಿದ್ದ ಹೆಂಡತಿ ಇವತ್ತು ಮಾತಾಡಿದಳು. ಬಡಿಸುತ್ತ ತಮ್ಮನ ವಿಷಯ ಏನೋ ಹೇಳುತ್ತಿದ್ದಳು: ಡಾಕ್ಟರು, ಪರೀಕ್ಷೆ, ಹೊಂದುತ್ತದಂತೆ. ರಕ್ತ ಬೇಕಾಗಿದೆಯೇನೋ. ನಾನು ಐದನೆಯ ಉಪವಿಧಿಯಲ್ಲಿದ್ದೆ. ಕೊನೆಯಲ್ಲಿ, “ಏನಾದ್ರೂ ಹೇಳೋದಿದ್ರೆ ಭಾನುವಾರ ಐದು ಗಂಟೆಯೊಳಗೆ ಹೇಳಿ” ಅಂದದ್ದು ಮಾತ್ರ ಸರಿಯಾಗಿ ಕೇಳಿಸಿತು. ನಕ್ಕೆ. ಒಕ್ಕೂಟದ ನಿಯಮ ನಮ್ಮ ಅಡುಗೆಮನೆಗೂ ಬಂತಲ್ಲ. ಅವಳ ಕೋಪ ಇಳಿದಿರುವ ಹಾಗಿದೆ.

ಮಾರ್ಚ್ ೧೫, ಭಾನುವಾರ

ಇಡೀ ದಿನ ಫೋನು. ಸಂಜೆ ಅವಳು ಕಚೇರಿಯ ಬಾಗಿಲಲ್ಲಿ ಬಂದು ನಿಂತು, “ಏನಾದ್ರೂ ಇದೆಯಾ ಹೇಳೋದು?” ಎಂದು ಕೇಳಿದಳು. ಆ ಕಡೆಯಿಂದ ಕಾರ್ಯದರ್ಶಿ ಮಾತಾಡುತ್ತಿದ್ದ. ಆಮೇಲೆ ಎಂದು ಕೈ ಬೀಸಿದೆ. ಗಡಿಯಾರ ನೋಡಿ ಹೋದಳು.

ಮಾರ್ಚ್ ೨೭, ಶುಕ್ರವಾರ

ಆಯಿತು. ಕಾಯ್ದೆಯಾಯಿತು.

ವಿಧಾನಸಭೆಯ ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಿದೆ. ಪರವಾಗಿ ಕೈಯೆತ್ತಿದವರನ್ನು ಎಣಿಸಿದಾಗ ಪಕ್ಕದಲ್ಲಿದ್ದ ವಕೀಲರು ಅತ್ತರು. ಅವರು ಅಳುವುದನ್ನು ಯಾರೂ ಕಂಡಿರಲಿಕ್ಕಿಲ್ಲ. ದಾದಿಯರ ಸಂಘದ ಅಧ್ಯಕ್ಷೆ ನನ್ನನ್ನು ತಬ್ಬಿಕೊಂಡರು. ಇನ್ನು ಯಾವ ಬಡವಳೂ ಹೆರಿಗೆಗೆ ಓಲೆ ಒತ್ತೆಯಿಡಬೇಕಾಗಿಲ್ಲ, ಯಾವ ಮಗನೂ ಅಪ್ಪನ ಆಪರೇಷನ್ನಿಗೆ ಮನೆ ಮಾರಬೇಕಾಗಿಲ್ಲ. ಇದು ಸಣ್ಣದಲ್ಲ. ಯಾರೇನೇ ಅನ್ನಲಿ, ಇದು ಸಣ್ಣದಲ್ಲ.

ಹಾರ ಹಾಕಿಸಿಕೊಂಡು ಮನೆಗೆ ಬಂದರೆ ಬಾಗಿಲಿಗೆ ಬೀಗ. ಆಸ್ಪತ್ರೆಯಲ್ಲಿ ಕೆಲಸವಿದೆ, ನಿಮ್ಮ ಊಟ ಮುಚ್ಚಿಟ್ಟಿದೆ ಎಂದು ಫೋನಿನಲ್ಲಿ ಹೇಳಿದಳು. ತಮ್ಮನ ಜೊತೆ ಹೋಗಿರಬೇಕು. ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಅವಳ ಸೀಟಿ ತೂಗುಹಾಕುವ ಮೊಳೆಗೆ ಹಾಕಿದೆ. ಸೀಟಿ ಅಲ್ಲಿರಲಿಲ್ಲ. ಇಂಥ ದಿನ ಒಬ್ಬನೇ ಕೂತು ಆರಿದ ಊಟ ಉಂಡೆ. ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೇ ಇರಬೇಕು.

ಏಪ್ರಿಲ್ ೭, ಮಂಗಳವಾರ

ಅಕ್ಷರ ಸಾಲಿನ ಮೇಲೆ ಕೂರುತ್ತಿಲ್ಲ.

ಸಂಜೆ ಬಂದಾಗ ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಎಲ್ಲಿಗೆ ಎಂದೆ. ಕಸಿಗೆ ಅನುಮತಿ ಕೊಡುವ ಸಮಿತಿಯ ಸಂದರ್ಶನ ಮುಂದಿನ ಗುರುವಾರ, ಅದು ಮುಗಿದರೆ ಸೋಮವಾರ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ, ಶಾಲೆಗೆ ಮೂರು ತಿಂಗಳ ರಜೆ ಹಾಕಿದ್ದೇನೆ, ಆಮೇಲೂ ಓಟ ಬೇಡ ಅಂದಿದ್ದಾರೆ, ಸೀಟಿಯನ್ನು ಹೊಸ ಹುಡುಗಿಗೆ ಕೊಟ್ಟು ಬಂದೆ ಎಂದಳು. ಎಡಗಡೆಯ ಮೂತ್ರಪಿಂಡ ತೆಗೆದು ತಮ್ಮನಿಗೆ ಹಾಕುತ್ತಾರಂತೆ. ಹಾಲು ತರಲು ಹೋಗುವವಳ ಹಾಗೆ ಹೇಳಿದಳು.

ನಾನು ಕೂಗಾಡಿದೆ. ಹುಚ್ಚು ಹಿಡಿದಿದೆಯೇ ಎಂದೆ. ಅವನು ಹೇಗೆ ಒಪ್ಪಿದ ಎಂದೆ.

“ಡಯಾಲಿಸಿಸ್ ಇರೋವರೆಗೆ ಬೇಡ ಅಂತಿದ್ದ” ಅಂದಳು. “ಅದೇ ಇಲ್ಲ ಅಂದ್ಮೇಲೆ ಏನ್ ಮಾಡ್ತಾನೆ? ನಿಮ್ಮ ಕಾಯ್ದೇಲಿ ಆಪರೇಷನ್ ಎಲ್ಲ ಮೊದಲನೇ ಹಂತದಲ್ಲಿದೆ. ಮೂತ್ರಪಿಂಡದ ಕಸೀನೂ ಇದೆ. ಕೂತು ಓದಿದೆ. ಒಂದು ಪೈಸೆ ಖರ್ಚಿಲ್ಲ.”

ಒಂದು ಮಾತು ನನಗೆ ಹೇಳಬಾರದಿತ್ತೇ ಎಂದೆ. ಆಗ ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ಊಟಕ್ಕೆ ಬಡಿಸುವಾಗ ಹೇಳಿದೆ. ಭಾನುವಾರ ಐದು ಗಂಟೆವರೆಗೆ ಕಾದೆ. ಬಾಗಿಲಲ್ಲಿ ನಿಂತು ಇನ್ನೊಂದು ಸಲ ಕೇಳ್ದೆ. ನೀವು ಕೈ ಬೀಸಿದ್ರಿ.”

ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಯ ಮಾತು ಬೇರೆ, ಒಕ್ಕೂಟದ ನಿಯಮ ಬೇರೆ ಎಂದು ವಾದಿಸಲು ಹೊರಟೆ. ಅವಳು ಮತ್ತೆ ಬಟ್ಟೆ ಮಡಚತೊಡಗಿದಳು.

ಹೆದರಿಕೆಯಾಗುತ್ತಿದೆ. ಬೇರೆ ಏನೂ ತೋಚುತ್ತಿಲ್ಲ, ಬರೀ ಹೆದರಿಕೆ.

ಏಪ್ರಿಲ್ ೯, ಗುರುವಾರ

ಕಾರ್ಯದರ್ಶಿಗೆ ಫೋನು ಮಾಡಿದೆ. ಏಳನೆಯದನ್ನು ಸುತ್ತೋಲೆಯಲ್ಲಾದರೂ ಸೇರಿಸಲು ಬರುತ್ತದೆಯೇ ಎಂದು ಕೇಳಿದೆ. ನಿಮ್ಮ ಒಕ್ಕೂಟವೇ ಸರ್ವಾನುಮತದಿಂದ ಬರೆದುಕೊಟ್ಟಿದೆಯಲ್ಲ ಎಂದ. ವಕೀಲರಿಗೆ ಹೇಳಿದೆ. ಆಪರೇಷನ್ ಚೆನ್ನಾಗಿ ಆಗುತ್ತದೆ ಬಿಡಿ ಎಂದರು. ಬಳಗದ ಉಳಿದವರಿಗೆ ಅಕ್ಕಂದಿರಿದ್ದಾರೆಯೇ ಎಂದು ನಾನು ಯಾರನ್ನೂ ಕೇಳಲಿಲ್ಲ.

ಏಪ್ರಿಲ್ ೧೬, ಗುರುವಾರ

ಆಸ್ಪತ್ರೆಯ ಮೂರನೆಯ ಮಹಡಿಯ ಕೋಣೆ. ಉದ್ದನೆಯ ಮೇಜಿನ ಆಚೆ ಇಬ್ಬರು ಡಾಕ್ಟರು, ನಡುವೆ ಸಮಿತಿಯ ಅಧ್ಯಕ್ಷೆ, ನರೆಗೂದಲಿನ ಹೆಂಗಸು. ಮೈಕ್‌ನನ್ನು ಹೊರಗೆ ಕೂರಿಸಿದ್ದರು. ನನ್ನ ಮುಖ ಪತ್ರಿಕೆಯಲ್ಲಿ ನೋಡಿದ್ದೇನೆಂದು ಒಬ್ಬ ಡಾಕ್ಟರು ಎದ್ದು ಕೈ ಕೊಟ್ಟ. ನಿಮ್ಮಿಂದಾಗಿಯೇ ಇವತ್ತು ಇಷ್ಟೊಂದು ಕಸಿ ಅರ್ಜಿಗಳು ಬಂದಿವೆ ಎಂದ. ಹೊಗಳಿದ್ದೇ ಇರಬೇಕು.

ಮೊದಲು ಹೆಂಡತಿಯನ್ನು ಕೇಳಿದರು. ಮನಸ್ಸಾರೆ ಕೊಡುತ್ತಿದ್ದೀರಾ, ಅಪಾಯ ತಿಳಿದಿದೆಯಾ, ಯಾರಾದರೂ ಒತ್ತಾಯ ಮಾಡಿದರಾ. ಒಂದೊಂದಕ್ಕೂ ಮೈದಾನದಲ್ಲಿ ಹೇಳುವಷ್ಟು ಗಟ್ಟಿಯಾಗಿ ಉತ್ತರ ಹೇಳಿದಳು. ಒತ್ತಾಯದ ಪ್ರಶ್ನೆಗೆ ಮಾತ್ರ ಒಂದು ಗಳಿಗೆ ನನ್ನ ಕಡೆ ನೋಡಿ, “ಇಲ್ಲ” ಅಂದಳು.

ಆಮೇಲೆ ಅಧ್ಯಕ್ಷೆ ನನ್ನ ಕಡೆ ತಿರುಗಿದರು. ನಿಮ್ಮ ಒಪ್ಪಿಗೆ ಇದೆಯಾ ಎಂದರು.

ಇಲ್ಲ ಎಂಬ ಮಾತು ತುಟಿಯವರೆಗೆ ಬಂದಿತ್ತು. ನನ್ನ ಹೆಂಡತಿಯ ಮೈಗೆ ಕತ್ತರಿ ಹಾಕಬೇಡಿ, ಅವಳು ಓಡಲಿ, ಮನೆಯ ತುಂಬ ಚೆಂಡು ಬಿದ್ದಿರಲಿ ಎನ್ನಬೇಕೆಂದಿದ್ದೆ. ಇಲ್ಲ ಎಂದರೆ ಈ ತಿಂಗಳ ಕೊನೆಗೆ ಹೊರಗೆ ಕೂತವನ ಕತೆ ಮುಗಿಯಿತು. ಹೌದು ಎನ್ನಲು ನಾಲಗೆ ಏಳಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ಕೂತೆ. ಸುಮ್ಮನಿದ್ದರೆ ಅವರೇ ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ ಎಂದುಕೊಂಡೆ.

ಅಧ್ಯಕ್ಷೆ ಪೆನ್ನನ್ನು ಕೆಳಗಿಟ್ಟರು. “ಬಾಯಿಬಿಟ್ಟು ಹೇಳ್ಬೇಕು ಸರ್. ಸುಮ್ನಿದ್ರೆ ಒಪ್ಪಿಗೆ ಅಂತ ಇಲ್ಲಿ ಬರ್ಕೊಳ್ಳೋದಿಲ್ಲ. ನಿಧಾನವಾಗಿ ಹೇಳಿ, ಕಾಯ್ತೀವಿ.”

ಕಾದರು. ಒಬ್ಬ ಡಾಕ್ಟರು ಎದ್ದು ಕಿಟಕಿ ತೆರೆದು ಬಂದ. ಯಾರೂ ಗಡಿಯಾರ ನೋಡಲಿಲ್ಲ. ಹೆಂಡತಿಯೂ ಕೈ ಕಟ್ಟಿ ಕೂತಿದ್ದಳು. ಕೊನೆಗೆ ಒಪ್ಪಿಗೆ ಎಂದೆ. ಕೇಳಿಸಲಿಲ್ಲ ಎಂದರು. ಇನ್ನೊಮ್ಮೆ ಹೇಳಿದೆ.

ಹೊರಗೆ ಬಂದಾಗ ಮೈಕ್ ಗೋಡೆ ಹಿಡಿದು ಎದ್ದು ನಿಂತ. ಇಷ್ಟು ಹೊತ್ತು ಏನಾಯಿತು ಎಂದು ಅಕ್ಕನನ್ನು ಕೇಳಿದ.

“ನಿಮ್ಮ ಭಾವ ಉತ್ತರ ಹೇಳೋವರೆಗೆ ಸಮಿತಿಯವರು ಕಾದ್ರು” ಅಂದಳು.

“ಓ” ಅಂದ ಅವನು. “ಇಲ್ಲಿ ಕಾಯ್ತಾರಾ.”

ನನ್ನನ್ನು ನೋಡಿ ಹೇಳಿದ್ದಲ್ಲ ಅದು. ಅಕ್ಕ ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಕಾರಿಡಾರಿನುದ್ದಕ್ಕೂ ಮೆಲ್ಲಗೆ ನಡೆದರು. ನಾನು ಕಾಗದಪತ್ರದ ಚೀಲ ಎತ್ತಿಕೊಂಡು ಹಿಂದಿನಿಂದ ಹೋದೆ.